ಹೆಣ ಹೊದ್ದ ಬಟ್ಟೆ

ಮೂರು ದಿನ ತಿಕ್ಕಿದರೂ ಕಲೆ ಹೋಗಲಿಲ್ಲ. ಸಾಬೂನು ಹಾಕಿ ತಿಕ್ಕಿದ್ದಾಯಿತು. ಲಿಂಬೆಹಣ್ಣು ಹಿಂಡಿ ಉಜ್ಜಿದ್ದಾಯಿತು. ಸೋಡಾಪುಡಿಯಲ್ಲಿ ನೆನೆಸಿಟ್ಟದ್ದಾಯಿತು. ನೀಲಿ ಹೊದಿಕೆಯ ನಡುಮಧ್ಯೆ ಮೊಳದಗಲದ ಕಂದು ಕಲೆ, ಹಾಗೇ ಇತ್ತು. ರತ್ನಾವತಿಯ ಬೆರಳ ಸಂದಿಯ ಚರ್ಮ ಮಾತ್ರ ಸುಲಿದು ಬಂದಿತ್ತು.

ಕುವೈತಿನ ಶರ್ಕ್ ಪೇಟೆಯ ಗಾಜಿನ ಕಟ್ಟಡವೊಂದರ ನೆಲ ಅಂತಸ್ತಿನಲ್ಲಿ ಅಪೇಕ್ಷಾ ಮೇಡಂನ ಅಂಗಡಿ. ಮುಂದೆ ಏಸಿ, ಅತ್ತರು, ಆಳೆತ್ತರದ ಕನ್ನಡಿಗಳು. ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ, ಎರಡು ಸಿಮೆಂಟ್ ತೊಟ್ಟಿ, ಒಂದು ಮೋರಿ. ಆ ಕೋಣೆ ರತ್ನಾವತಿಯದ್ದು. ಐದು ವರ್ಷದಿಂದ ಅವಳು ಅಲ್ಲಿ ಒಗೆಯುತ್ತಾಳೆ, ಬಣ್ಣ ಅದ್ದುತ್ತಾಳೆ, ಇಸ್ತ್ರಿ ಹಾಕುತ್ತಾಳೆ. ಹೊಸ ಹತ್ತಿಬಟ್ಟೆಯನ್ನು ಚಹಾ ನೀರಿನಲ್ಲಿ ಕುದಿಸಿ ಹಳತು ಮಾಡುತ್ತಾಳೆ. ಡಬ್ಬದ ಬಣ್ಣದಲ್ಲಿ ಅದ್ದಿದ ಬಟ್ಟೆಗೆ ಮುಂದಿನ ಕೋಣೆಯಲ್ಲಿ ‘ಬೇರು, ಎಲೆ, ತೊಗಟೆಯ ಬಣ್ಣ’ ಎಂದು ಚೀಟಿ ಬೀಳುತ್ತದೆ. ಕುವೈತಿನ ದೊಡ್ಡ ದೊಡ್ಡ ಹೆಂಗಸರು ಅದನ್ನು ಕೆನ್ನೆಗೆ ಒತ್ತಿಕೊಂಡು ‘ಆಹಾ, ಮಣ್ಣಿನ ವಾಸನೆ’ ಎನ್ನುತ್ತಾರೆ. ಥೂ! ಅದು ಮೋರಿಯ ವಾಸನೆ.

ಅಪೇಕ್ಷಾ ಊರ ಕಡೆಯ, ತುಳುನಾಡಿನ ಗುತ್ತಿನ ಮನೆಯವಳು, ಜಮೀನ್ದಾರರ ಪೈಕಿ. ರತ್ನಾವತಿ ಕೆಲಸಕ್ಕೆ ಸೇರಿದ ಮೊದಲ ದಿನ ಬಾಯಿತಪ್ಪಿ ‘ಅಕ್ಕ’ ಎಂದಿದ್ದಳು. “ಅಕ್ಕ ಗಿಕ್ಕ ಬೇಡ, ಮೇಡಂ ಅನ್ನು” ಎಂದಿದ್ದಳು ಅಪೇಕ್ಷಾ. ಅದೇ ದಿನ ಕೇಳಿದ್ದಳು, “ನಿಮ್ಮದು ಯಾವ ಬರಿ?” ನಮ್ಮ ಕಡೆ ಬರಿ ಕೇಳುವುದು ಎಂದರೆ ಜಾತಿ ಕೇಳುವುದು, ಸ್ವಲ್ಪ ಪೌಡರ್ ಹಚ್ಚಿ. ರತ್ನಾವತಿ ಕೆಮ್ಮು ಬಂದವಳ ಹಾಗೆ ಮಾಡಿ ಮಾತು ತಪ್ಪಿಸಿದಳು. ತಪ್ಪಿಸಿದ್ದೇ ಸಾಕಾಯಿತು. ಮರುದಿನ ಅವಳ ಚಹಾದ ಲೋಟ ಕಪಾಟಿನಿಂದ ಇಳಿದು ತೊಟ್ಟಿಯ ಕಟ್ಟೆಯ ಮೇಲೆ ಬಂದು ಕೂತಿತ್ತು.

“ಇನ್ನೂ ಹೋಗ್ಲಿಲ್ವಾ?”

ಅಪೇಕ್ಷಾ ಬಾಗಿಲಲ್ಲೇ ನಿಂತು ಕೇಳಿದಳು. ಆ ಕೋಣೆಯೊಳಗೆ ಅವಳು ಕಾಲಿಡುವುದಿಲ್ಲ. ಮೂಗಿಗೆ ದುಪಟ್ಟಾ ಒತ್ತಿಕೊಂಡಿದ್ದಳು.

“ಇಲ್ಲ ಮೇಡಂ.”

“ಎಂತ ಮಾಡ್ತಾ ಇದ್ದಿ ಮೂರು ದಿನದಿಂದ? ಬ್ಲೀಚ್ ಹಾಕು. ಶುಕ್ರವಾರ ಬೆಳಿಗ್ಗೆ ಶೋ ಉಂಟು, ನಾನೇ ಹೊದ್ಕೊಳ್ಳುವುದು ಇದನ್ನು. ನೂರು ವರ್ಷ ಹಳೇ ವೆಡ್ಡಿಂಗ್ ಬ್ಲಾಂಕೆಟ್, ಗೊತ್ತುಂಟಾ? ಶೋ ಮುಗಿದ ಕೂಡ್ಲೇ ಕತ್ತರಿಗೆ ಹಾಕ್ಲಿಕ್ಕೆ. ಹನ್ನೊಂದು ಕೋಟಿನ ಕಾಲರ್ ಆಗ್ತದೆ ಇದ್ರಲ್ಲಿ.”

“ಬ್ಲೀಚ್ ಹಾಕಿದ್ರೆ ನೀಲಿ ಸಾಯ್ತದೆ ಮೇಡಂ.”

“ಸತ್ರೆ ಮೇಲಿಂದ ಕಪ್ಪು ಅದ್ದು. ನಂಗೆ ಕಲಿಸ್ಲಿಕ್ಕೆ ಬರ್ಬೇಡ.”

ಅವಳು ಅತ್ತ ಹೋದಳು, ಲೆರ್ಮಾ ಇತ್ತ ಬಂದಳು. ಲೆರ್ಮಾ ಫಿಲಿಪ್ಪೀನ್ಸಿನ ಇಫುಗಾವ್ ಬೆಟ್ಟದವಳು. ನೇಯ್ಗೆಯವರ ಮಗಳು. ನೇಯುವ ಕೆಲಸ ಎಂದು ಹೇಳಿಯೇ ಕರೆಸಿದ್ದರು. ಇಲ್ಲಿ ಬಂದ ಮೇಲೆ ಕೈಗೆ ಕೊಟ್ಟದ್ದು ಪೊರಕೆ. ವರ್ಷಕ್ಕೆರಡು ಬಾರಿ ಶೋ ಇದ್ದಾಗ ಮಾತ್ರ ಅವಳಿಗೆ ಊರಿನ ಕೆಂಪು ಪಟ್ಟೆಯ ಸುತ್ತುಬಟ್ಟೆ ಉಡಿಸಿ, ಸೊಂಟಕ್ಕೆ ಮಗ್ಗ ಕಟ್ಟಿ, ಮುಂದಿನ ಕೋಣೆಯ ಕಂಬದ ಬುಡದಲ್ಲಿ ಕೂರಿಸುತ್ತಾರೆ. ಮಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಅವಳ ಬೆನ್ನಿಗೆ. ಬಂದವರು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಈ ಇಬ್ಬರ ನಡುವಿನ ಭಾಷೆ ಯಾವ ಪುಸ್ತಕದಲ್ಲೂ ಸಿಗದು. ಅರ್ಧ ಹಿಂದಿ, ಕಾಲು ಇಂಗ್ಲಿಷು, ಉಳಿದದ್ದು ಕುವೈತಿನ ಅರಬಿ ಮತ್ತು ಕೈಸನ್ನೆ. ಜಗಳವಾಡುವಷ್ಟೂ ಅಳುವಷ್ಟೂ ಅದು ಅವರಿಗೆ ಸಾಕಾಗುತ್ತಿತ್ತು. ಇಲ್ಲಿ ಅದನ್ನು ಕನ್ನಡದಲ್ಲೇ ಹೇಳಬೇಕಷ್ಟೆ.

ಲೆರ್ಮಾ ಒದ್ದೆ ಹೊದಿಕೆಯ ಮುಂದೆ ಪೊರಕೆ ಕೆಳಗಿಟ್ಟು ನಿಂತುಬಿಟ್ಟಳು. ಆಮೇಲೆ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಚಿತ್ತಾರ ಮುಟ್ಟಿದಳು. ಹಲ್ಲಿ. ಭತ್ತ ಕುಟ್ಟುವ ಒರಳು. ಕೈ ಎತ್ತಿ ನಿಂತ ಮನುಷ್ಯ. ನೀಲಿಯ ನಡುವೆ ಬಿಳಿ ಬಿಳಿ, ಅಂಚು ಸ್ವಲ್ಪ ಕದಡಿದಂತೆ.

“ಇದು ಮೇಲಿಂದ ಬರೆದದ್ದಲ್ಲ” ಎಂದಳು. “ನೇಯುವ ಮೊದಲೇ ನೂಲನ್ನು ಗಂಟು ಕಟ್ಟುತ್ತಾರೆ. ಬಿಗಿಯಾಗಿ, ಸಾವಿರ ಗಂಟು. ಆಮೇಲೆ ನೀಲಿಯಲ್ಲಿ ಅದ್ದುತ್ತಾರೆ. ಗಂಟಿನ ಒಳಗೆ ಬಣ್ಣ ಹೋಗುವುದಿಲ್ಲ. ಬಿಚ್ಚಿದರೆ ಬಿಳಿ ಉಳಿದಿರುತ್ತದೆ. ಆ ಬಿಳಿಯೇ ಹಲ್ಲಿ, ಆ ಬಿಳಿಯೇ ಮನುಷ್ಯ. ನನ್ನ ಅಮ್ಮ ಎಲೆ ಕೊಳೆಸಿ, ಸುಣ್ಣ ಬೆರೆಸಿ ನೀಲಿ ಮಾಡುತ್ತಾಳೆ. ಗಬ್ಬು ನಾತ. ಅವಳ ಕೈ ಮಣಿಕಟ್ಟಿನವರೆಗೆ ಯಾವಾಗಲೂ ನೀಲಿ.”

“ಈ ಕಲೆ ಯಾವುದು ಹೇಳು ನೋಡುವ. ಮೂರು ದಿನದಿಂದ ನನ್ನ ಪ್ರಾಣ ತಿಂತಾ ಉಂಟು.”

ಲೆರ್ಮಾ ಕಲೆಯ ಮೇಲೆ ಅಂಗೈ ಇಟ್ಟಳು. “ಇದು ನಮ್ಮ ಬೆಟ್ಟದಲ್ಲಿ ಸತ್ತವರಿಗೆ ಹೊದಿಸುವ ಹೊದಿಕೆ, ಸಿಸ್ಟರ್. ಇದನ್ನು ಒಬ್ಬರಿಗೆ ಹೊದಿಸಿದ್ದಾರೆ. ಕಲೆ ಆ ಮೈಯದ್ದು.”

ರತ್ನಾವತಿ ಛಕ್ಕನೆ ಹಿಂದೆ ಸರಿದಳು. ಹೊದಿಕೆಯನ್ನು ಕಾಲಿನಿಂದ ಒದ್ದು ಮೂಲೆಗೆ ತಳ್ಳಿದಳು. ಮೋರಿಯ ಮೇಲೆ ಬಗ್ಗಿ ಬೆಳಿಗ್ಗೆ ತಿಂದ ಕುಬ್ಬೂಸ್ ರೊಟ್ಟಿ ಎಲ್ಲ ಕಕ್ಕಿದಳು. ಬ್ಲೀಚಿನ ಬಾಟಲಿ ಬಗ್ಗಿಸಿ ಸುಲಿದ ಕೈಗಳ ಮೇಲೆ ಹಾಗೇ ಸುರಿದುಕೊಂಡಳು. ಉರಿ ನೆತ್ತಿಗೇರಿತು. ಆದರೂ ಸುರಿದಳು. ಮೂರು ದಿನ! ಮೂರು ದಿನ ಹೆಣದ ಬಟ್ಟೆಯಲ್ಲಿ ಕೈ ಅದ್ದಿದ್ದೆ, ಅದೇ ಕೈಯಲ್ಲಿ ಉಂಡಿದ್ದೆ. “ಬಿಸಾಡು ಅದನ್ನು! ಕಸದ ಡಬ್ಬಕ್ಕೆ ಹಾಕು!” ಎಂದು ಕಿರುಚಿದಳು.

ಲೆರ್ಮಾ ಹೊದಿಕೆಯನ್ನು ಮೂಲೆಯಿಂದ ಎತ್ತಿಕೊಂಡಳು. ನೀರು ಹಿಂಡಲಿಲ್ಲ. ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ನಿಂತಳು. ಅಂಗಿಯೆಲ್ಲ ಒದ್ದೆಯಾಯಿತು. ರತ್ನಾವತಿಯನ್ನು ಅವಳು ನೋಡಿದ ನೋಟ ಒಳ್ಳೆಯದಿರಲಿಲ್ಲ.

ಸಂಜೆ ರಿಗ್ಗೈ ಬಡಾವಣೆಯ ತಮ್ಮ ಬಾಡಿಗೆ ಕೋಣೆಯಲ್ಲಿ ಇಬ್ಬರೂ ಬೆನ್ನು ತಿರುಗಿಸಿಕೊಂಡು ಅನ್ನ ಬೇಯಿಸಿದರು. ಒಂದು ಫ್ಲ್ಯಾಟಿಗೆ ಪ್ಲೈವುಡ್ ಹೊಡೆದು ಮಾಡಿದ ಕೋಣೆ. ಎರಡು ಮಂಚ, ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ತಟ್ಟೆ ಮುಂದಿಟ್ಟುಕೊಂಡ ಮೇಲೆ ಲೆರ್ಮಾಳೇ ಬಾಯಿ ತೆರೆದಳು.

“ನನ್ನ ಅಪ್ಪ ಸತ್ತದ್ದು ನಾನು ಇಲ್ಲಿಗೆ ಬಂದ ಎರಡನೇ ವರ್ಷ. ಪಾಸ್‌ಪೋರ್ಟ್ ಮೇಡಂ ಹತ್ತಿರ ಇತ್ತು. ಕೊಡಲಿಲ್ಲ. ಬರುವ ವರ್ಷ ಅವನ ಮೂಳೆ ಗೋರಿಯಿಂದ ಹೊರಗೆ ತೆಗೆಯುತ್ತಾರೆ. ಕೈಯಲ್ಲೇ ಒರೆಸಿ ಚೊಕ್ಕ ಮಾಡುತ್ತೇವೆ. ತಲೆ, ತೋಳು, ಬೆರಳು, ಎಲ್ಲ. ಹೊಸ ಹೊದಿಕೆಯಲ್ಲಿ ಸುತ್ತಿ ಮನೆಯೊಳಗೆ ಇಟ್ಟುಕೊಳ್ಳುತ್ತೇವೆ. ಊರಿಗೆಲ್ಲ ಊಟ. ಆಮೇಲೆ ವಾಪಸ್ ಗೋರಿಗೆ ಕಳಿಸುತ್ತೇವೆ. ಅದಕ್ಕೆ ಅಮ್ಮ ಈಗಲೇ ಗಂಟು ಕಟ್ಟುತ್ತಿದ್ದಾಳೆ. ಅಂಗಡಿಯ ಆ ಹೊದಿಕೆಯನ್ನು ಯಾರೋ ಗೋರಿಯಿಂದ ಕದ್ದು ಮಾರಿದ್ದಾರೆ. ಆ ಮೂಳೆ ಈಗ ಎಲ್ಲೋ ಬತ್ತಲೆ ಬಿದ್ದಿದೆ. ನೀನು ಅದನ್ನು ಕಾಲಲ್ಲಿ ಒದ್ದೆ.”

“ಮೂಳೆ ಮುಟ್ಲಿಕ್ಕೆ ಅಸಹ್ಯ ಆಗುದಿಲ್ವಾ ನಿಮ್ಗೆ?”

“ಅಪ್ಪ ಅವನು. ಅಸಹ್ಯ ಯಾಕೆ?”

ರತ್ನಾವತಿ ಅನ್ನದ ತಟ್ಟೆ ಪಕ್ಕಕ್ಕಿಟ್ಟಳು. ಐದು ವರ್ಷದಲ್ಲಿ ಯಾರಿಗೂ ಹೇಳದ್ದನ್ನು ಆಗ ಹೇಳಿದಳು.

ಅವಳು ಹುಟ್ಟಿದ್ದು ಊರು ಮುಟ್ಟಿಸಿಕೊಳ್ಳದ ಕೊರಗರ ಕೊಪ್ಪದಲ್ಲಿ, ಗುಡಿಸಲುಗಳ ಕೇರಿಯಲ್ಲಿ. ಊರಿನ ದೊಡ್ಡ ಮನೆಯಲ್ಲಿ ಯಾರಾದರೂ ಸತ್ತರೆ ಅಜ್ಜಿ ಹೋಗಿ ಗದ್ದೆಯ ಹುಣಿಯಲ್ಲಿ, ಬದುವಿನ ಮೇಲೆ, ನಿಲ್ಲಬೇಕು. ಹತ್ತಿರ ಬರುವ ಹಾಗಿಲ್ಲ. ಹೆಣ ಚಿತೆಗೆ ಏರುವ ಮುಂಚೆ ಮೈಮೇಲಿನ ಸೀರೆ ಎಳೆದು ಅವಳತ್ತ ಎಸೆಯುತ್ತಿದ್ದರು. ಕೈಗೆ ಕೊಡುತ್ತಿರಲಿಲ್ಲ, ಎಸೆಯುತ್ತಿದ್ದರು. ಕೆಲವೊಮ್ಮೆ ಕೆಸರಿಗೆ ಬೀಳುತ್ತಿತ್ತು. ತಮ್ಮ ಅನಿಷ್ಟ ಕಳೆಯಲೆಂದು ಅವರು ಉಗುರು ಕೂದಲು ಸೇರಿಸಿ ಕೊಟ್ಟ ಅನ್ನ ತಿಂದವಳು ಅಜ್ಜಿ. ಅವಳಿಗೆ ಕೆಸರು ಏನು ಲೆಕ್ಕ? ಅಂಥದ್ದೇ ಒಂದು ಹಸಿರು ಸೀರೆಯಲ್ಲಿ ಅಮ್ಮ ರತ್ನಾವತಿಗೆ ಲಂಗ ಹೊಲಿದಳು. ಮೂರನೇ ಕ್ಲಾಸು. ಲಂಗ ಹಾಕಿಕೊಂಡು ಕುಣಿಯುತ್ತಾ ಶಾಲೆಗೆ ಹೋದಳು. ಆ ಮನೆಯ ಹುಡುಗಿ ಎದ್ದು ನಿಂತು, “ಟೀಚರ್, ಇದು ನಮ್ಮ ದೊಡ್ಡಮ್ಮನ ಹೆಣದ ಸೀರೆ” ಎಂದಳು. ಇಡೀ ಬೆಂಚು ಖಾಲಿಯಾಯಿತು. ಟೀಚರು ಮಕ್ಕಳನ್ನು ಗದರಲಿಲ್ಲ. ರತ್ನಾವತಿಯನ್ನೇ ಹೊರಗೆ ಕೂರಿಸಿದರು.

ಹೇಳಿ ಮುಗಿಸಿದ ಮೇಲೆ ಅವಳಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಬೆಳಿಗ್ಗೆ ಕಕ್ಕಿದ್ದು ಯಾರ ಹೇಸಿಗೆ? ಅಜ್ಜಿಯತ್ತ ಬಟ್ಟೆ ಎಸೆದವರದ್ದು. ಅವರು ಉಗುಳಿದ್ದನ್ನು ನಾನು ಇಷ್ಟು ವರ್ಷ ಬಾಯೊಳಗೆ ಇಟ್ಟುಕೊಂಡು, ನನ್ನದೇ ಎಂದು ತಿಳಿದಿದ್ದೆನಲ್ಲ! ಲೆರ್ಮಾಳ ಅಪ್ಪನ ಮೂಳೆಗಿಲ್ಲದ ಮೈಲಿಗೆ ನನ್ನ ಅಜ್ಜಿಯ ಕೈಗೆ ಎಲ್ಲಿಂದ ಬಂತು?

“ನಾಳೆ ಮೇಡಂ ಹತ್ರ ಕೇಳುವ” ಎಂದಳು. “ಕತ್ತರಿ ಹಾಕ್ಬೇಡಿ, ವಾಪಸ್ ಕಳಿಸಿ ಅಂತ.”

ಕೇಳಿದರು. ಅಪೇಕ್ಷಾ ಫೋನಿನಲ್ಲಿ ಯಾರಿಗೋ ಊಟದ ಮೆನು ಹೇಳುತ್ತಿದ್ದಳು. ಲೆರ್ಮಾ, “ಮೇಡಂ, ಆ ಹೊದಿಕೆ ಮದುವೆಯದ್ದಲ್ಲ...” ಎನ್ನುವಷ್ಟರಲ್ಲೇ ಕೈ ಎತ್ತಿ ತಡೆದಳು.

“ಡೀಲರ್ ಕಾಗದ ಕೊಟ್ಟಿದ್ದಾನೆ. ವೆಡ್ಡಿಂಗ್ ಬ್ಲಾಂಕೆಟ್ ಅಂತ ಕ್ಲಿಯರ್ ಬರ್ದುಂಟು. ಇವಳಿಗಿಂತ ಅವನಿಗೆ ಗೊತ್ತುಂಟು.” ಆಮೇಲೆ ರತ್ನಾವತಿಗೆ, “ಹೇಳು ಇವ್ಳಿಗೆ. ಶುಕ್ರವಾರ ಯಾರಾದ್ರೂ ಕೇಳಿದ್ರೆ ನಗಾಡಿ ‘ವೆಡ್ಡಿಂಗ್’ ಅನ್ಬೇಕು. ಬೇರೆ ಒಂದು ಮಾತು ಬಂತೋ, ಟಿಕೆಟ್ ಮಾಡಿಸಿ ಏರ್‌ಪೋರ್ಟಿಗೆ ಬಿಸಾಡ್ತೇನೆ. ನಿಂಗೂ ಸೇರಿಯೇ ಹೇಳಿದ್ದು.”

“ಮೇಡಂ, ಅವ್ಳು ಹೇಳುದನ್ನು ಒಂಚೂರು...”

“ಖಲಾಸ್! ಮಂಡೆ ಬಿಸಿ ಮಾಡ್ಬೇಡಿ ನಂದು. ಕಲೆ ತೆಗಿ ಹೋಗು.”

ನೇಯುವವಳ ಮಾತಿಗೆ ಬೆಲೆಯಿಲ್ಲ, ಕದ್ದು ಮಾರಿದವನ ಕಾಗದಕ್ಕೆ ಬೆಲೆ.

ಗುರುವಾರ ರತ್ನಾವತಿ ಬ್ಲೀಚಿನ ಬಾಟಲಿ ಹಿಡಿದು ತೊಟ್ಟಿಯ ಮುಂದೆ ನಿಂತಳು. ನೀರಲ್ಲಿ ಹೊದಿಕೆ ತೇಲುತ್ತಿತ್ತು. ಮುಚ್ಚಳ ತೆಗೆದರೆ ಅರ್ಧ ಗಂಟೆಯ ಕೆಲಸ. ಕೈ ಎತ್ತಿದ ಆ ಬಿಳಿ ಮನುಷ್ಯ ಹೋಗುತ್ತಾನೆ, ಒರಳು ಹೋಗುತ್ತದೆ, ಯಾವಳೋ ಒಬ್ಬಳು ಕಟ್ಟಿದ ಸಾವಿರ ಗಂಟು ಹೋಗುತ್ತದೆ. ಬಾಟಲಿಯನ್ನು ಮೋರಿಗೆ ಬೋರಲು ಹಾಕಿದಳು. ಗಳಗಳ ಎಂದು ಪೂರ್ತಿ ಹೋಯಿತು. ಹೊದಿಕೆಯನ್ನು ಬರೀ ನೀರಲ್ಲಿ ಜಾಲಾಡಿ ಒಣಹಾಕಿದಳು. “ಹೋಗ್ಲಿಲ್ಲ ಮೇಡಂ” ಎಂದಳು. ಅಪೇಕ್ಷಾ ಹಲ್ಲು ಕಡಿದು, ಕಲೆ ಒಳಗೆ ಬರುವ ಹಾಗೆ ಮಡಚಿ ಇಸ್ತ್ರಿ ಹಾಕು ಎಂದಳು.

ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಇಪ್ಪತ್ತು ಜನ ಹೆಂಗಸರು ಬಂದರು. ಹೆಚ್ಚಿನವರು ಊರ ಕಡೆಯವರೇ, ಸಂಘದವರು, ಕಂಪನಿಯ ದೊಡ್ಡವರ ಹೆಂಡತಿಯರು. ಕಾಂಜೀವರಂ, ವಜ್ರ, ಕೈಯಲ್ಲಿ ಜ್ಯೂಸಿನ ಗ್ಲಾಸು. ಅಪೇಕ್ಷಾ ಹೊದಿಕೆಯನ್ನು ಹೆಗಲಿಗೆ ಇಳಿಬಿಟ್ಟು, ಮೈಕು ಹಿಡಿದು, “ಮಣ್ಣಿನ ಮಕ್ಕಳ ಕಲೆಯನ್ನು ನಾವು ಗೌರವಿಸಬೇಕು” ಎಂದಳು. ಮಣ್ಣಿನ ಮಗಳು ಕಂಬಕ್ಕೆ ಕಟ್ಟಿಸಿಕೊಂಡು ಕೂತಿದ್ದಳು. ಬೆಳಿಗ್ಗೆ ಆರರಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ, ಎದ್ದು ಮೂತ್ರಕ್ಕೆ ಹೋಗುವ ಹಾಗಿರಲಿಲ್ಲವಲ್ಲ. ಚಪ್ಪಾಳೆಯೋ ಚಪ್ಪಾಳೆ. ರತ್ನಾವತಿ ಹಿಂದಿನ ಬಾಗಿಲಲ್ಲಿ ನಿಂತು ಖಾಲಿ ಗ್ಲಾಸು ಒಟ್ಟು ಮಾಡುತ್ತಿದ್ದಳು.

ಅಪೇಕ್ಷಾಳ ನಾದಿನಿಯ ಮಗಳೊಬ್ಬಳು ಬಂದಿದ್ದಳು. ಬರುವ ತಿಂಗಳು ಮದುವೆ. “ವೆಡ್ಡಿಂಗ್ ಬ್ಲಾಂಕೆಟ್ ಅಲ್ವಾ, ಮದುಮಗಳಿಗೆ ಹೊದಿಸಿ, ಒಂದು ಫೋಟೋ ಆಗ್ಲಿ” ಎಂದು ಯಾರೋ ಕೂಗಿದರು. ಹುಡುಗಿಯನ್ನು ತಂದು ಲೆರ್ಮಾಳ ಪಕ್ಕ ನಿಲ್ಲಿಸಿದರು. ಅಪೇಕ್ಷಾ ಹೆಗಲಿನಿಂದ ಹೊದಿಕೆ ತೆಗೆದು ಅವಳ ತಲೆಯ ಮೇಲಿನಿಂದ ಹೊದಿಸಿದಳು. ಹೆಣಕ್ಕೆ ಹೊದಿಸುವ ಹಾಗೆಯೇ.

“ನೋ ಮೇಡಂ! ನೋ!”

ಲೆರ್ಮಾ ಕೂತಲ್ಲಿಂದಲೇ ಕೈ ಚಾಚಿ ಹೊದಿಕೆಯ ಅಂಚು ಹಿಡಿದು ಎಳೆದಳು. ಏಳಲು ಹೋದಳು, ಬೆನ್ನಿನ ಪಟ್ಟಿ ಹಿಂದಕ್ಕೆ ಜಗ್ಗಿತು, ಮಗ್ಗದ ಕೋಲು ಲಟಕ್ಕೆಂದಿತು. ಅಪೇಕ್ಷಾ ಅವಳ ಕೈಗೆ ಫಟ್ಟನೆ ಹೊಡೆದಳು.

“ಕೈ ತೆಗಿ! ನಿನ್ನ ಗಲೀಜು ಕೈಯಲ್ಲಿ ಮುಟ್ಬೇಡ ಮಗುವನ್ನು!”

ರತ್ನಾವತಿಯ ಕೈಯಲ್ಲಿದ್ದ ಟ್ರೇ ಮೇಜಿನ ಮೇಲೆ ಬಿತ್ತು. ಎಲ್ಲರೂ ತಿರುಗಿದರು.

“ಅವಳ ಕೈ ಗಲೀಜಲ್ಲ ಮೇಡಂ” ಎಂದಳು. “ಆ ಹೊದಿಕೆ ಮದುವೆಯದ್ದಲ್ಲ. ಸತ್ತವರಿಗೆ ಹೊದಿಸುವುದು. ಒಂದು ಹೆಣ ಅದನ್ನು ಹೊದ್ದು ಮಣ್ಣಲ್ಲಿ ಮಲಗಿತ್ತು. ಒಳಮಡಿಕೆ ಬಿಚ್ಚಿ ನೋಡಿ, ಕಲೆ ಉಂಟು. ಹೆಣದ್ದೇ.”

ಹುಡುಗಿ ಕಿಟಾರನೆ ಕಿರುಚಿ ಹೊದಿಕೆಯನ್ನು ಕಿತ್ತು ಬಿಸಾಡಿದಳು. ಅದು ಹೋಗಿ ಮುಂಬಾಗಿಲ ಹೊಸ್ತಿಲ ಮೇಲೆ ಉದ್ದಕ್ಕೆ ಬಿತ್ತು. ಕಲೆ ಮೇಲೆ ಬಂತು. ಇಪ್ಪತ್ತು ಜನ ಹೆಂಗಸರು ಗೋಡೆಗೆ ಒತ್ತಿಕೊಂಡರು. ಒಬ್ಬಳು ಜ್ಯೂಸನ್ನು ಗ್ಲಾಸಿಗೇ ಉಗುಳಿದಳು. ಇನ್ನೊಬ್ಬಳು “ಶಿವ ಶಿವ, ನಾನು ಅದಕ್ಕೆ ಮುತ್ತು ಕೊಟ್ಟಿದ್ದೇನೆ ಮಾರಾಯ್ತಿ” ಎಂದು ಬಾಯಿ ಒರೆಸಿಕೊಂಡಳು.

“ಸುಳ್ಳು! ನಿಂಗೆ ಹೇಗೆ ಗೊತ್ತು?” ಅಪೇಕ್ಷಾಳ ಮುಖ ಕೆಂಪಾಗಿತ್ತು.

“ಲೆರ್ಮಾ ಹೇಳಿದ್ದು. ನಿಮಗೂ ಹೇಳ್ಲಿಕ್ಕೆ ಬಂದಿದ್ಳು, ನೀವು ಬಾಯಿ ಮುಚ್ಚಿಸಿದ್ರಿ. ಮತ್ತೆ ಹೆಣದ ಬಟ್ಟೆ ಅಂದ್ರೆ ಎಂತ ಅಂತ ನಂಗೆ ಯಾರೂ ಕಲಿಸ್ಬೇಕಾಗಿಲ್ಲ. ಅದನ್ನೇ ಉಟ್ಟು ಬೆಳೆದವಳು ನಾನು. ನೀವು ಬರಿ ಕೇಳಿದ್ರಲ್ಲ ಮೇಡಂ? ನಾನು ಕೊರಗರವಳು.”

ಗೋಡೆಗೆ ಒತ್ತಿಕೊಂಡವರು ಇನ್ನಷ್ಟು ಒತ್ತಿಕೊಂಡರು. ಹೆಣದ ಬಟ್ಟೆ ಆ ಕಡೆ, ಇವಳು ಈ ಕಡೆ. ಯಾವುದರಿಂದ ದೂರ ಸರಿಯಬೇಕೆಂದು ಪಾಪ, ಅವರಿಗೆ ತಿಳಿಯಲಿಲ್ಲ.

ಅಪೇಕ್ಷಾ ಮೊದಲು ಸುಧಾರಿಸಿಕೊಂಡಳು. ಸಣ್ಣಗೆ ನಕ್ಕಳು ಕೂಡ.

“ಹಾಗೆ ಹೇಳು ಮತ್ತೆ. ಒಳ್ಳೇದಾಯ್ತು. ಎತ್ತು ಅದನ್ನು. ನಿಮಗೆಲ್ಲ ಅಭ್ಯಾಸ ಉಂಟಲ್ಲ. ಎತ್ಕೊಂಡು ಹೋಗಿ ಇಬ್ರೂ, ನಂಗೆ ಬೇಡ ಅದು. ನಾಳೆಯಿಂದ ಈ ಕಡೆ ಕಾಲಿಡ್ಬೇಡಿ.”

ಅದೇ ದನಿ. ಹುಣಿಯಲ್ಲಿ ನಿಂತ ಅಜ್ಜಿಗೆ ಕೇಳಿಸುತ್ತಿದ್ದದ್ದು ಇದೇ ದನಿ. ಬಗ್ಗಿ ಎತ್ತಿದರೆ ಹೊದಿಕೆ ಲೆರ್ಮಾಳದ್ದು. ಕತ್ತರಿಯಿಂದ ಉಳಿಯಿತು, ಅಷ್ಟೇ ಅಲ್ಲವೆ ಬೇಕಾಗಿದ್ದು? ಲೆರ್ಮಾ ಬೆನ್ನಿನ ಪಟ್ಟಿ ಬಿಚ್ಚಿಕೊಂಡು ಎದ್ದಿದ್ದಳು. ನೆಲದ ಮೇಲಿನ ಹೊದಿಕೆಯತ್ತ ಹೆಜ್ಜೆ ಇಟ್ಟಳು. ರತ್ನಾವತಿ ಕಂಬದ ಬಳಿಗೆ ಬಂದು ಅವಳ ತೋಳು ಹಿಡಿದಳು. “ಬಗ್ಗಬೇಡ. ಸ್ವಲ್ಪ ತಡ್ಕೊ, ನನಗೋಸ್ಕರ.” ಲೆರ್ಮಾ ಅವಳ ಮುಖ ನೋಡಿ ನಿಂತಳು.

“ನಾವು ಎತ್ತುದಿಲ್ಲ” ಎಂದಳು ರತ್ನಾವತಿ.

“ಎಂತ?”

“ಎತ್ತುದಿಲ್ಲ. ಎಸೆದದ್ದನ್ನು ಎತ್ತುವ ಕಾಲ ನನ್ನಜ್ಜಿಗೆ ಮುಗೀತು. ನಾವೇ ಎತ್ಕೊಂಡು ಹೋದ್ರೆ ನಾಳೆ ಕಳವು ಅಂತ ಪೊಲೀಸರಿಗೆ ಕೊಡ್ತೀರಿ. ನೀವೇ ಎತ್ತಿ. ಇಷ್ಟು ಜನರ ಎದುರು ಇವಳ ಕೈಗೆ ಕೊಡಿ.”

“ಕೆಲಸ ಬಿಟ್ಟು ಓಡಿ ಹೋದ್ರಿ ಅಂತ ಆಬ್‌ಸ್ಕಾಂಡಿಂಗ್ ಕೇಸ್ ಹಾಕಿಸ್ತೇನೆ! ಇಬ್ರನ್ನೂ ಜೈಲಿಗೆ ಹಾಕಿಸ್ತೇನೆ!”

“ಹಾಕಿಸಿ.”

ಹೊರಗೆ ಗಾಜಿನ ಆಚೆ ಡ್ರೈವರ್ ಸಫೀರ್ ನಿಂತಿದ್ದ. ಅಪೇಕ್ಷಾ ಅವನಿಗೆ ಕೈ ಮಾಡಿ ಹೊದಿಕೆ ತೋರಿಸಿ ಕೂಗಿದಳು. ಅವನು ಹೊಸ್ತಿಲು ನೋಡಿದ, ಕಂಬದ ಬಳಿ ನಿಂತ ಇಬ್ಬರನ್ನು ನೋಡಿದ. “ನಂದು ಗಾಡಿ ಬಿಡುವ ಕೆಲಸ ಮಾತ್ರ ಮೇಡಂ” ಎಂದು ಹೇಳಿ ಕಾರಿನ ಕಡೆ ನಡೆದ.

ಈಗ ಫಜೀತಿ ನೋಡಿ. ಅಂಗಡಿಗೆ ಮುಂಬಾಗಿಲು ಒಂದೇ. ಹಿಂದಿನ ದಾರಿ ಮೋರಿಯ ಕೋಣೆಯ ಒಳಗಿಂದ. ಅತ್ತ ಹೋಗುವ ದಾರಿಗೆ ಅಡ್ಡವಾಗಿ, ಕಂಬದ ಬಳಿ, ಕೊರಗರವಳು ನಿಂತಿದ್ದಾಳೆ. ಇಲ್ಲಿ ಹೊಸ್ತಿಲ ಮೇಲೆ ಹೆಣದ ಬಟ್ಟೆ. ದಾಟುವವರಾರು? ವಜ್ರ ಹಾಕಿಕೊಂಡ ಇಪ್ಪತ್ತು ಜನ, ಒಂದು ತುಂಡು ಬಟ್ಟೆಯನ್ನು ದಾಟಲಾರದೆ ಕೋಳಿಗೂಡಿನೊಳಗಿನ ಹಾಗೆ ಒತ್ತೊತ್ತಿ ನಿಂತರು. ಐದು ನಿಮಿಷವಾಯಿತು. ಹತ್ತು ನಿಮಿಷವಾಯಿತು. ಅತ್ತರಿನ ನಡುವೆ ಬೆವರಿನ ವಾಸನೆ ಎದ್ದಿತು.

“ಎತ್ತಿ ಕೊಡು ಅಪೇಕ್ಷಾ, ನಮಗೆ ಹೋಗ್ಲಿಕ್ಕೆ ಉಂಟು.”

“ನೀನೇ ತಂದದ್ದಲ್ವಾ? ನೀನೇ ತೆಗಿ.”

“ಮದುವೆ ಹುಡುಗಿಗೆ ಹೊದಿಸಿದಿಯಲ್ಲ ಮಾರಾಯ್ತಿ, ಮಂಡೆ ಸರಿ ಉಂಟಾ ನಿಂಗೆ?”

ಅಪೇಕ್ಷಾ ಒಬ್ಬೊಬ್ಬರ ಮುಖ ನೋಡಿದಳು. ಯಾರೂ ಅವಳ ಕಡೆಗಿರಲಿಲ್ಲ. ಹೋಗಿ ಬಗ್ಗಿದಳು. ಮುಖ ಆಚೆ ತಿರುಗಿಸಿ, ಎರಡು ಬೆರಳಿನಲ್ಲಿ ಸತ್ತ ಇಲಿಯ ಬಾಲ ಹಿಡಿದ ಹಾಗೆ ಅಂಚು ಹಿಡಿದಳು.

“ಹಾಗಲ್ಲ” ಎಂದಳು ರತ್ನಾವತಿ. “ಎರಡೂ ಕೈಯಲ್ಲಿ. ಮಡಚಿ.”

ಅಪೇಕ್ಷಾಳ ಕಣ್ಣಲ್ಲಿ ನೀರು ಬಂದಿತ್ತು. ಕೋಪದ್ದೋ, ವಾಕರಿಕೆಯದ್ದೋ. ಎರಡೂ ಕೈಯಲ್ಲಿ ಎತ್ತಿದಳು. ಮಡಚಿದಳು. ಲೆರ್ಮಾ ಮುಂದೆ ಬಂದು ಎರಡೂ ಕೈ ಒಡ್ಡಿದಳು. ಅವಳ ಅಂಗೈ ಮೇಲೆ ಹೊದಿಕೆ ಕೂತಿತು. ಲೆರ್ಮಾ ಅದಕ್ಕೆ ಹಣೆ ತಾಗಿಸಿ ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಅದು ಯಾರಿಗೂ ತಿಳಿಯಲಿಲ್ಲ, ತಿಳಿಯಬೇಕಾಗಿಯೂ ಇರಲಿಲ್ಲ.

ಬಾಗಿಲು ತೆರವಾಯಿತು. ಆದರೆ ಹೆಂಗಸರು ಒಮ್ಮೆಗೇ ನುಗ್ಗಲಿಲ್ಲ. ಅಪೇಕ್ಷಾ ನಿಂತಿದ್ದ ಜಾಗವನ್ನು ದೂರದಿಂದಲೇ ಸುತ್ತಿ, ಸೆರಗು ಎಳೆದು ಮೈಗೆ ಒತ್ತಿಕೊಂಡು, ಒಬ್ಬೊಬ್ಬರಾಗಿ ಗೋಡೆಗುಂಟ ಹೊರಟರು. ಬರುತ್ತೇನೆ ಎಂದು ಹೇಳಿದವರಿಲ್ಲ. ಅಪೇಕ್ಷಾ ದಿಕ್ಕು ತೋಚದೆ ಮದುವೆ ಹುಡುಗಿಯ ಹೆಗಲಿಗೆ ಕೈ ಹಾಕಲು ಹೋದಳು.

ಹುಡುಗಿ ಎರಡು ಹೆಜ್ಜೆ ಹಿಂದೆ ಹಾರಿದಳು.

“ಮಾಮಿ, ಪ್ಲೀಸ್, ಡೋಂಟ್ ಟಚ್ ಮಿ.”

ಅಪೇಕ್ಷಾಳ ಕೈ ಗಾಳಿಯಲ್ಲೇ ನಿಂತಿತು. ರತ್ನಾವತಿ ಅದನ್ನು ನೋಡಿದಳು. ನಗು ಬರಬೇಕಿತ್ತು, ಬರಲಿಲ್ಲ. ಇವರ ಹೇಸಿಗೆಗೆ ಅತ್ತೆಯೂ ಇಲ್ಲ, ಸೊಸೆಯೂ ಇಲ್ಲ. ಒಳಗಿನವರೂ ಇಲ್ಲ, ಹೊರಗಿನವರೂ ಇಲ್ಲ. ಇಂಥವರ ಮುಂದೆ ಐದು ವರ್ಷ ಜಾತಿ ಮುಚ್ಚಿಟ್ಟುಕೊಂಡು ಬದುಕಿದೆನಲ್ಲ, ಥೂ ನನ್ನ ಜನ್ಮವೇ ಎನಿಸಿತು.

“ನಡಿ” ಎಂದಳು ಲೆರ್ಮಾಳಿಗೆ. ಹೊದಿಕೆ ದೊಡ್ಡದು, ಭಾರ. ರತ್ನಾವತಿ ಅದರ ಒಂದು ತುದಿಯನ್ನು ಸುಲಿದ ಕೈಗಳಲ್ಲಿ ಹಿಡಿದುಕೊಂಡಳು. ಇಬ್ಬರೂ ಮುಂಬಾಗಿಲಿನಿಂದಲೇ ಹೊರಗೆ ಹೋದರು.